ನಿಜ ಹೇಳಿ ಮೇಷ್ಟ್ರೇ, ಯಾವುದನ್ನು ನಂಬ್ತೀರಿ?

ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತೇನೆ. ಹಾಗಾಗಿ ಸ್ಟಾಫ್‌ರೂಮಿನಲ್ಲೂ ಚರ್ಚಿನ ಅಂಗಳದಲ್ಲೂ ಒಂದೇ ಪ್ರಶ್ನೆ: "ದೇವರು ಸೃಷ್ಟಿಸಿದ ಅಂತೀರಿ, ವಿಕಾಸವಾದವನ್ನೂ ಒಪ್ತೀರಿ. ಅದು ಹೇಗೆ?" ಇಷ್ಟಕ್ಕೇ ನಿಲ್ಲಿಸಿದರೆ ಬೇಸರವಿಲ್ಲ. ಆಮೇಲೆ ದನಿ ತಗ್ಗಿಸಿ, "ನಿಜ ಹೇಳಿ, ಒಳಗೊಳಗೆ ಯಾವುದನ್ನು ನಂಬ್ತೀರಿ?" ಅನ್ನುತ್ತಾರೆ. ಅಂದರೆ ನಾನು ಎಲ್ಲೋ ಒಂದು ಕಡೆ ಸುಳ್ಳು ಹೇಳುತ್ತಿದ್ದೇನೆ ಅಂತ ಅಲ್ವಾ? ಇಲ್ಲ. ಎರಡನ್ನೂ ನಂಬುತ್ತೇನೆ. ಎರಡು ಕಡೆಯೂ ಗಟ್ಟಿಯಾಗಿಯೇ ಹೇಳುತ್ತೇನೆ.

ಒಮ್ಮೆ ಮನೆಪ್ರಾರ್ಥನೆ ಮುಗಿದು ಎಲ್ಲರೂ ಊಟಕ್ಕೆ ಕೂತಿದ್ದೆವು. ಸಭೆಯ ಹಿರಿಯರೊಬ್ಬರು ಕೇಳಿದರು, "ಮೇಷ್ಟ್ರೇ, ನಿಮ್ಮ ತಾತ ಮಂಗನಾ?" ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಾನು ಕಲಿಸುವ ಮಕ್ಕಳೂ ಅಲ್ಲಿದ್ದರು. "ಅಂಕಲ್, ಇವತ್ತಿನ ಮಂಗ ನಮ್ಮ ತಾತ ಅಂತ ವಿಜ್ಞಾನ ಹೇಳೋದೇ ಇಲ್ಲ" ಅಂದೆ. ನಮಗೂ ಚಿಂಪಾಂಜಿಗೂ ಲಕ್ಷಾಂತರ ವರ್ಷಗಳ ಹಿಂದೆ ಒಂದೇ ಪೂರ್ವಜರಿದ್ದರು. ಅದರ ಗುರುತು ಮೈಯೊಳಗೇ ಇದೆ. ಹೆಚ್ಚಿನ ಸಸ್ತನಿಗಳು ವಿಟಮಿನ್ ಸಿ ತಾವೇ ತಯಾರಿಸಿಕೊಳ್ಳುತ್ತವೆ. ಆ ಕೆಲಸದ ಜೀನ್ ನಮ್ಮಲ್ಲೂ ಇದೆ, ಆದರೆ ಕೆಟ್ಟಿದೆ. ಚಿಂಪಾಂಜಿಯಲ್ಲೂ ಅದೇ ಕೆಟ್ಟಿದೆ.

"ಹಾಗಾದ್ರೆ ದೇವರು ಆರು ದಿನದಲ್ಲಿ ಲೋಕ ಸೃಷ್ಟಿಸಿದ್ದು ಸುಳ್ಳಾ?" ಎಂದರು.

ಬೈಬಲ್ ಪಕ್ಕದಲ್ಲೇ ಇತ್ತು. ಅದರ ಮೊದಲ ಪುಸ್ತಕ, ಸೃಷ್ಟಿಯ ಕಥೆ ಇರುವ ಆದಿಕಾಂಡ ತೆರೆದು ತೋರಿಸಿದೆ. ಸೂರ್ಯ ಬರುವುದು ನಾಲ್ಕನೇ ದಿನ. ಅದಕ್ಕೂ ಮೊದಲು ಮೂರು ಸಲ ಸಂಜೆ, ಬೆಳಗು ಆಗಿಹೋಗಿದೆ. ಮೊದಲ ಅಧ್ಯಾಯದಲ್ಲಿ ಪ್ರಾಣಿಗಳಾದ ಮೇಲೆ ಮನುಷ್ಯ. ಎರಡನೆಯದರಲ್ಲಿ ಮನುಷ್ಯ ಮೊದಲು. ಈ ಎರಡು ಅಧ್ಯಾಯಗಳನ್ನು ಅಕ್ಕಪಕ್ಕ ಇಟ್ಟವರಿಗೆ ಈ ವ್ಯತ್ಯಾಸ ಕಂಡೇ ಇರುತ್ತದೆ. ಅವರು ದಿನಚರಿ ಬರೆಯುತ್ತಿರಲಿಲ್ಲ, ಈ ಲೋಕ ಯಾರದ್ದು ಅಂತ ಹೇಳುತ್ತಿದ್ದರು. ಆ ದಿನಗಳು ನಮ್ಮ ದಿನಗಳಂಥವಲ್ಲ ಎಂದು ಕ್ರೈಸ್ತ ಚಿಂತಕ ಸಂತ ಅಗಸ್ಟೀನ್ ಐದನೇ ಶತಮಾನದಲ್ಲೇ ಬರೆದಿದ್ದರು. ವಿಕಾಸವಾದ ಮಂಡಿಸಿದ ಡಾರ್ವಿನ್‌ನ ಪುಸ್ತಕ ಬಂದದ್ದು 1859ರಲ್ಲಿ, ಹಾಗಾಗಿ ಅವನಿಗೆ ಹೆದರಿ ಬರೆದದ್ದಂತೂ ಅಲ್ಲ. ನಾವು ಕ್ಯಾಥೊಲಿಕರಲ್ಲ, ಆದರೂ ಹೇಳುತ್ತೇನೆ: ವಿಕಾಸವಾದ ಬರೀ ಊಹೆಗಿಂತ ಜಾಸ್ತಿ ಎಂದು ಪೋಪ್ ಎರಡನೇ ಜಾನ್ ಪಾಲ್ 1996ರಲ್ಲಿ ಒಪ್ಪಿದರು. ಮಳೆಗಾಗಿ ಪ್ರಾರ್ಥಿಸುತ್ತೇವೆ, ಹವಾಮಾನ ವರದಿಯನ್ನೂ ಕೇಳುತ್ತೇವೆ. ಅಲ್ಲಿ ಯಾರೂ ಯಾವುದು ನಿಜ ಅಂತ ಕೇಳುವುದಿಲ್ಲ.

ನನ್ನನ್ನು ಕಾಡುವುದು ಆರು ದಿನವಲ್ಲ. 1860ರಲ್ಲಿ ಡಾರ್ವಿನ್ ಅಮೆರಿಕದ ಸಸ್ಯಶಾಸ್ತ್ರಜ್ಞ ಏಸಾ ಗ್ರೇಗೆ ಒಂದು ಪತ್ರ ಬರೆದ. ಗ್ರೇ ದೈವಭಕ್ತ ಕ್ರೈಸ್ತ, ಅಲ್ಲಿ ಡಾರ್ವಿನ್‌ನ ಪರ ನಿಂತವನು. ಕೆಲವು ಕಣಜಗಳು ಕಂಬಳಿಹುಳುವಿನ ಮೈಯೊಳಗೆ ಮೊಟ್ಟೆ ಇಡುತ್ತವೆ. ಮರಿಗಳು ಅದನ್ನು ಜೀವ ಇರುವಾಗಲೇ ಒಳಗಿನಿಂದ ತಿನ್ನುತ್ತವೆ. ದಯೆಯುಳ್ಳ ದೇವರು ಇದನ್ನು ಬೇಕೆಂದೇ ಮಾಡಿದ ಅಂತ ಒಪ್ಪಲಾರೆ ಎಂದು ಡಾರ್ವಿನ್ ಬರೆದ.

ಇದನ್ನು ಕೇಳಿ ನನ್ನನ್ನು. ಮೊದಲ ಮನುಷ್ಯ ಆದಾಮನ ಪಾಪದಿಂದ ಲೋಕಕ್ಕೆ ಸಾವು ಬಂತು ಅನ್ನುತ್ತೇವೆ. ಹಾಗಾದರೆ ಆ ಪಾಪಕ್ಕೂ ಮೊದಲೇ, ಮನುಷ್ಯನೇ ಇಲ್ಲದ ಕೋಟ್ಯಂತರ ವರ್ಷ, ಅಷ್ಟು ನೋವು, ಅಷ್ಟು ಸಾವು ಯಾಕೆ? ಪೂರ್ತಿ ಉತ್ತರ ನನ್ನಲ್ಲಿಲ್ಲ. ಇಡೀ ಸೃಷ್ಟಿ ಹೆರಿಗೆ ನೋವಿನಲ್ಲಿ ನರಳುತ್ತಿದೆ ಎಂದು ಅಪೊಸ್ತಲ ಪೌಲ ರೋಮಾಪುರದ ಕ್ರೈಸ್ತರಿಗೆ ಬರೆದ. ನನಗೆ ಅಲ್ಲಿ ಹಿಡಿತ ಸಿಗುತ್ತದೆ. ಶಿಲುಬೆಗೇರಿದ ದೇವರು ಈ ನರಳಾಟದ ಹೊರಗೆ ನಿಂತು ನೋಡುತ್ತಿಲ್ಲ ಎಂದು ನಂಬುತ್ತೇನೆ. ಅದು ಕಂಬಳಿಹುಳುವಿನ ಪಾಲಿಗೂ ಉತ್ತರವಾಗುತ್ತದೆಯೇ ಎಂದು ನಮ್ಮ ಪಾಸ್ಟರರು ಒಂದು ಭಾನುವಾರವಾದರೂ ಪ್ರಸಂಗದಲ್ಲಿ ಎತ್ತಿಕೊಳ್ಳಬೇಕು. ನಾನು ಮುಂದಿನ ಬೆಂಚಿನಲ್ಲೇ ಕೂತು ಕೇಳುತ್ತೇನೆ.