ಆಲ್ದೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ: ಅಪ್ಪನ ಕಾಲು ನೋಡಿಕೊಂಡು ಹೋದ ದಾರಿ

ಅಕ್ಕನ ಮನೆಗೆ ಅಪ್ಪನನ್ನು ಕರೆದುಕೊಂಡು ಹೋಗುವುದು ಅಂತ ತೀರ್ಮಾನವಾದಾಗ ವೀಸಾ, ಟಿಕೆಟ್, ಲಗೇಜು ಯಾವುದೂ ನನಗೆ ದೊಡ್ಡ ಚಿಂತೆ ಆಗಿರಲಿಲ್ಲ. ಚಿಂತೆ ಇದ್ದಿದ್ದು ಅವರ ಕಾಲಿನದು. ಆಲ್ದೂರಿನ ಹತ್ತಿರ ನಮ್ಮ ಕಾಫಿ ತೋಟ. ಎಪ್ಪತ್ತು ದಾಟಿದ ಮೇಲೂ ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು ತೋಟ ತಿರುಗದಿದ್ದರೆ ಅಪ್ಪನಿಗೆ ಊಟ ಸೇರುವುದಿಲ್ಲ. ಅಂಥವರು ದುಬೈನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಸುಮಾರು 16 ಗಂಟೆ ಒಂದೇ ಸೀಟಿನಲ್ಲಿ ಕೂರಬೇಕು. ಅದಕ್ಕೂ ಮೊದಲು ಬೆಂಗಳೂರಿನಿಂದ ದುಬೈಗೆ ನಾಲ್ಕು ಗಂಟೆ, ಅದಕ್ಕೂ ಮೊದಲು ನಮ್ಮೂರಿನಿಂದ ದೇವನಹಳ್ಳಿಗೆ ಕಾರಿನಲ್ಲಿ ಐದಾರು ಗಂಟೆ. ಸಾಲದ್ದಕ್ಕೆ ಅವರ ಎಡಗಾಲಿನ ರಕ್ತನಾಳ ಉಬ್ಬಿದೆ, ವೇರಿಕೋಸ್ ವೇನ್ ಅಂತಾರಲ್ಲ, ಅದು.

ಹಾಗಾಗಿ ಟಿಕೆಟ್ ಆದ ತಕ್ಷಣ ಚಿಕ್ಕಮಗಳೂರಿಗೆ ಹೋಗಿ ನಮ್ಮ ಡಾಕ್ಟರನ್ನು ಕಂಡೆವು. ಅವರು ಸಮಾಧಾನವಾಗಿ ಕೂರಿಸಿಕೊಂಡು ಹೇಳಿದರು. ನಡೆಯುವಾಗ ಮೀನಖಂಡ ಬಿಗಿಯಾಗಿ ಸಡಿಲವಾಗಿ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಮೊಣಕಾಲು ಮಡಚಿ ಗಂಟೆಗಟ್ಟಲೆ ಕೂತರೆ ಆ ಕೆಲಸ ನಿಂತು ರಕ್ತ ನಿಧಾನವಾಗುತ್ತದೆ, ಕೆಲವರಿಗೆ ಒಳಗೇ ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಲ್ಕು ಗಂಟೆಗಿಂತ ಜಾಸ್ತಿ ಕೂತು ಪ್ರಯಾಣ ಮಾಡಿದರೆ ಈ ಅಪಾಯ ಸುಮಾರು ಎರಡರಷ್ಟಾಗುತ್ತದೆ. ಆದರೂ ಆರೋಗ್ಯವಂತರಲ್ಲಿ ಅದು ಸುಮಾರು 6,000 ಜನರಲ್ಲಿ ಒಬ್ಬರಿಗೆ, ಅಷ್ಟೇ. ಹೆದರಿ ಮನೆಯಲ್ಲೇ ಕೂರುವಂಥದ್ದಲ್ಲ. ಆದರೆ ಅಪ್ಪನ ವಯಸ್ಸು, ಅವರ ರಕ್ತನಾಳ ನೋಡಿದರೆ ಸುಮ್ನೆ ಬಿಡುವಂಥದ್ದೂ ಅಲ್ಲ.

ಪಕ್ಕದ ತೋಟದವರು ಆಸ್ಪಿರಿನ್ ನುಂಗಿ ಹೋಗಿದ್ದರಂತೆ, ಅಪ್ಪ ಅದನ್ನೇ ಕೇಳಿದರು. ಯಾರೋ ತಗೊಂಡರು ಅಂತ ನೀವು ತಗೋಬೇಡಿ ಅಂದರು ಡಾಕ್ಟರು. ಬದಲಿಗೆ ಬಿಗಿ ಸಾಕ್ಸ್ ಬರೆದುಕೊಟ್ಟರು. ಪಾದದ ಹತ್ತಿರ ಬಿಗಿ ಜಾಸ್ತಿ, ಮೊಣಕಾಲಿನ ಕಡೆ ಹೋದ ಹಾಗೆ ಕಡಿಮೆ. ಇದನ್ನು ಅಂದಾಜಿನ ಮೇಲೆ ತರಬಾರದು, ಬೆಳಿಗ್ಗೆ ಕಾಲು ಊದಿಕೊಳ್ಳುವ ಮೊದಲು ಟೇಪಿನಲ್ಲಿ ಅಳತೆ ತೆಗೆದು ತರಬೇಕು. ಮನೆಗೆ ತಂದು ಹಾಕಿದಾಗ ಅಪ್ಪ ಕಾಲನ್ನೇ ನೋಡಿಕೊಂಡು, "ಏನಮ್ಮಾ, ಮಳೆಗಾಲದಲ್ಲಿ ಇಂಬಳಕ್ಕೆ (ಜಿಗಣೆಗೆ) ಹಾಕೋ ಸಾಕ್ಸ್ ಇದ್ದ ಹಾಗಿದೆಯಲ್ಲ" ಅಂದರು. ಆಮೇಲೆ ಅದರ ಬಗ್ಗೆ ತಕರಾರೇ ಇರಲಿಲ್ಲ.

ಕೊಯ್ಲು ಮುಗಿದು, ಹೂಮಳೆ ಬಿದ್ದು, ಕಾಯಿ ಕಚ್ಚಿದ ಮೇಲೆ ಏಪ್ರಿಲ್ ಕೊನೆಗೆ ಹೊರಟೆವು. ಕಾರಿನಲ್ಲಿ ಕೂರುವುದೂ ಕೂರುವುದೇ, ಕಾಲಿಗೆ ಅದು ಕಾರೋ ವಿಮಾನವೋ ಗೊತ್ತಾಗಲ್ಲ. ಅದಕ್ಕೇ ಹಾಸನದಲ್ಲಿ ಒಮ್ಮೆ, ಚನ್ನರಾಯಪಟ್ಟಣದಲ್ಲಿ ಒಮ್ಮೆ, ಯಡಿಯೂರಿನ ಹತ್ತಿರ ಒಮ್ಮೆ ಇಳಿದು ನಡೆದಾಡಿದೆವು. ರಾತ್ರಿ ಊಟಕ್ಕೆ ಮನೆಯಿಂದ ತಂದ ಅಕ್ಕಿರೊಟ್ಟಿ, ಸ್ವಲ್ಪ ಪಲ್ಯ. ಹುರುಳಿ ಸಾರು, ಕಾಳಿನ ಪಲ್ಯ ಹಿಂದಿನ ದಿನದಿಂದಲೇ ಬಂದ್.

ಅದಕ್ಕೆ ಕಾರಣ ಇದೆ. ವಿಮಾನ 35,000 ಅಡಿಯಲ್ಲಿ ಹಾರಿದರೂ ಒಳಗಿನ ಗಾಳಿಯ ಒತ್ತಡವನ್ನು ಆರರಿಂದ ಎಂಟು ಸಾವಿರ ಅಡಿ ಎತ್ತರದ ಮಟ್ಟಕ್ಕೆ ಇಟ್ಟಿರುತ್ತಾರೆ. ನಮ್ಮ ಮುಳ್ಳಯ್ಯನಗಿರಿ ಸುಮಾರು 6,300 ಅಡಿ. ಅಂದರೆ 16 ಗಂಟೆ ಆ ಗಿರಿಯ ತುದಿಯಲ್ಲೋ, ಅದಕ್ಕಿಂತ ಇನ್ನೂ ಸ್ವಲ್ಪ ಮೇಲೋ ಕೂತ ಲೆಕ್ಕ. ಒತ್ತಡ ಕಡಿಮೆಯಾದಾಗ ಹೊಟ್ಟೆಯೊಳಗಿನ ಗಾಳಿ ಹಿಗ್ಗುತ್ತದೆ, ಹೊಟ್ಟೆ ಉಬ್ಬರಿಸುತ್ತದೆ. ಕಾಳು, ಸೋಡಾ, ಕರಿದ ತಿಂಡಿ ಸೇರಿದರೆ ಕೇಳುವುದೇ ಬೇಡ. ಗಿರಿಯ ಮೇಲೆ ತಂಪು ಮಂಜಾದರೂ ಇರುತ್ತದೆ, ಇಲ್ಲಿ ಗಾಳಿಯ ತೇವಾಂಶ ಸಾಮಾನ್ಯವಾಗಿ ನೂರಕ್ಕೆ 20ಕ್ಕಿಂತಲೂ ಕಡಿಮೆ. ಮಲೆನಾಡಿನ ಮೂಗಿಗೆ, ತುಟಿಗೆ ಇದು ಬೇಗ ಗೊತ್ತಾಗುತ್ತದೆ. ವ್ಯಾಸಲಿನ್‌ನ ಸಣ್ಣ ಡಬ್ಬಿ, ಮೂಗಿಗೆ ಉಪ್ಪುನೀರಿನ ಸ್ಪ್ರೇ ಕೈಚೀಲದಲ್ಲೇ ಇತ್ತು. ಎರಡೂ 100 ಎಂಎಲ್ ಒಳಗಿರಬೇಕು, ಇಲ್ಲದಿದ್ದರೆ ಸೆಕ್ಯುರಿಟಿಯಲ್ಲಿ ತೆಗೆದಿಡುತ್ತಾರೆ. ನೀರಿನ ಬಾಟಲಿ ಖಾಲಿ ಒಯ್ದು ಒಳಗೆ ತುಂಬಿಸಿಕೊಂಡೆವು. ಬಿಪಿ ಮಾತ್ರೆ, ಡಾಕ್ಟರ ಚೀಟಿ ಕೂಡ ಕೈಚೀಲದಲ್ಲೇ, ಲಗೇಜಿಗೆ ಹಾಕಲಿಲ್ಲ.

ಅಪ್ಪನಿಗೆ ದಾರಿ ಅಂಚಿನ ಸೀಟು. ಕಿಟಕಿ ಚೆಂದ, ಆದರೆ ಏಳಬೇಕು ಅಂದಾಗಲೆಲ್ಲ ಇಬ್ಬರನ್ನು ಎಬ್ಬಿಸಬೇಕು, ಆ ಸಂಕೋಚಕ್ಕೇ ನಮ್ಮ ಹಿರಿಯರು ಏಳುವುದಿಲ್ಲ. ಮುಂದಿನ ಸೀಟಿನ ಕೆಳಗೆ ಚೀಲ ಇಡಲು ಬಿಡಲಿಲ್ಲ, ಕಾಲು ಚಾಚುವ ಜಾಗವನ್ನು ಅದೇ ತಿಂದುಬಿಡುತ್ತದೆ. ಎಚ್ಚರ ಇದ್ದಾಗ ಗಂಟೆಗೊಮ್ಮೆ ಎದ್ದು ಹಿಂದಿನ ಪ್ಯಾಂಟ್ರಿವರೆಗೆ ನಡಿಗೆ, ಅಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು, ಒಂದು ಲೋಟ ನೀರು, ವಾಪಸ್. ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸುವುದು.

ನಮ್ಮ ಹಿಂದಿನ ಸಾಲಿನಲ್ಲಿ ಹಾಸನದ ಕಡೆಯ ಒಬ್ಬ ಅಮ್ಮ ಇದ್ದರು, ಮಗಳ ಬಾಣಂತನಕ್ಕೆ ಒಬ್ಬರೇ ಹೊರಟವರು. ಐದಾರು ಗಂಟೆಯಾದರೂ ಅವರು ಎದ್ದಿದ್ದನ್ನು ನಾನು ನೋಡಲಿಲ್ಲ, ನೀರು ಕೊಟ್ಟರೂ ಬೇಡ ಅನ್ನುತ್ತಿದ್ದರು. ಮೆಲ್ಲಗೆ ಕೇಳಿದೆ. "ನೀರು ಕುಡಿದ್ರೆ ಪದೇ ಪದೇ ಹೋಗ್ಬೇಕಲ್ಲಮ್ಮ, ಆ ಬಾಗಿಲು ಹೆಂಗೆ ತೆಗೆಯೋದು ಅಂತಾನೇ ಗೊತ್ತಾಗಲ್ಲ" ಅಂದರು. ಟಾಯ್ಲೆಟ್‌ವರೆಗೆ ಕರೆದುಕೊಂಡು ಹೋದೆ. ಬಾಗಿಲಿಗೆ ಹಿಡಿ ಇಲ್ಲ. ಎರಡು ಹಲಗೆ ಸೇರುವ ನಡುವಿಗೆ ಅಂಗೈಯಿಟ್ಟು ಒತ್ತಿದರೆ ಒಳಕ್ಕೆ ಮಡಚಿಕೊಳ್ಳುತ್ತದೆ. ಒಳಗೆ ಹೋಗಿ ಚಿಲಕ ಸರಿಸಿದ ಮೇಲೆಯೇ ಪೂರ್ತಿ ದೀಪ ಹೊತ್ತಿಕೊಳ್ಳುವುದು. ಫ್ಲಶ್ ಒತ್ತಿದರೆ ಧಡ್ ಅಂತ ಜೋರು ಸದ್ದು ಬರುತ್ತೆ, ಗಾಳಿ ಎಳೆಯುವ ಸದ್ದು ಅದು, ಹೆದರಬೇಡಿ ಅಂದೆ. ಒಂದು ಸಲ ತೋರಿಸಿದ್ದು ಸಾಕಾಯಿತು, ಆಮೇಲೆ ಅವರೇ ನೀರು ಕೇಳಿ ಕುಡಿದರು, ಅಪ್ಪನ ಜೊತೆ ಪ್ಯಾಂಟ್ರಿ ಹತ್ತಿರ ನಿಂತು ಆಲೂಗಡ್ಡೆ ರೇಟು ಮಾತಾಡಿದರು. ವರ್ಷವರ್ಷವೂ ನಮ್ಮ ಎಷ್ಟೋ ತಾಯಂದಿರು ಹೀಗೆ ಒಬ್ಬರೇ ಹೋಗುತ್ತಾರೆ. ಮಕ್ಕಳು ಇಮಿಗ್ರೇಷನ್‌ನಲ್ಲಿ ಏನು ಹೇಳಬೇಕು ಅಂತ ಬಾಯಿಪಾಠ ಮಾಡಿಸುತ್ತಾರೆ, ಈ ಬಾಗಿಲಿನ ವಿಷಯ ಮಾತ್ರ ಯಾರೂ ಹೇಳಿಕೊಡಲ್ಲ. ದಯವಿಟ್ಟು ಹೇಳಿಕೊಡಿ.

ಕಾಫಿ ಬೆಳೆಯುವ ಮನುಷ್ಯನಿಗೆ ಕಾಫಿ ಬೇಡ ಅನ್ನಲು ಆಗಲ್ಲ, ಅನ್ನಬಾರದು ಕೂಡ. ರೂಢಿ ಇದ್ದವರು ಒಮ್ಮೆಲೇ ಬಿಟ್ಟರೆ ತಲೆನೋವು ಗ್ಯಾರಂಟಿ. ಆದರೆ ಕುಡಿದು ಐದಾರು ಗಂಟೆ ಕಳೆದರೂ ಅರ್ಧದಷ್ಟು ಕೆಫೀನ್ ಮೈಯಲ್ಲೇ ಇರುತ್ತದೆ. ದುಬೈನಲ್ಲಿ ಒಂದು ಲೋಟ, ಇಳಿಯುವ ಮೊದಲಿನ ತಿಂಡಿಯ ಜೊತೆ ಇನ್ನೊಂದು, ನಡುವೆ ನಿದ್ದೆ. ನಿದ್ದೆ ಮಾತ್ರೆ, ಮದ್ಯ ಎರಡೂ ಬೇಡ. ಅವು ಮನುಷ್ಯನನ್ನು ಅಲುಗಾಡದ ಹಾಗೆ ಮಲಗಿಸುತ್ತವೆ, ಕಾಲಿಗೆ ಕೆಟ್ಟದ್ದೇ ಅದು. ಸಸ್ಯಾಹಾರಿ ಊಟವನ್ನು ಮೊದಲೇ ಬುಕ್ ಮಾಡಿದ್ದೆ. ಸಪ್ಪೆ ಅಂದರು ಅಪ್ಪ. ಅಡುಗೆಯದ್ದೊಂದೇ ತಪ್ಪಲ್ಲ, ಅಷ್ಟು ಒಣ ಗಾಳಿಯಲ್ಲಿ ಉಪ್ಪು, ಸಿಹಿ ನಾಲಿಗೆಗೆ ಕಡಿಮೆ ಹತ್ತುತ್ತವೆ.

ಇಳಿಯುವಾಗ ಕಿವಿ. ಚಾರ್ಮಾಡಿ ಘಾಟಿ ಇಳಿಯುವಾಗ ಕಿವಿ ಮುಚ್ಚಿಕೊಳ್ಳುತ್ತಲ್ಲ, ಅದೇ. ಮಲಗಿದ್ದವರನ್ನು ಇಳಿಯಲು ಶುರುವಾದಾಗಲೇ ಎಬ್ಬಿಸಬೇಕು, ನಿದ್ದೆಯಲ್ಲಿ ಉಗುಳು ನುಂಗುವುದು ಕಡಿಮೆ. ಅಪ್ಪನಿಗೆ ಪೆಪ್ಪರ್‌ಮಿಂಟ್ ಕೊಟ್ಟೆ, ಸಾಕಾಯಿತು.

ಅಲ್ಲಿ ಇಳಿದಾಗ ಅದೇ ದಿನದ ಮಧ್ಯಾಹ್ನ, ನಮ್ಮ ಮೈಗೆ ಮಾತ್ರ ನಡುರಾತ್ರಿ. ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಅಕ್ಕ ಹಾಸಿಗೆ ಸಿದ್ಧ ಮಾಡಿದ್ದಳು, ನಾನು ಬಿಡಲಿಲ್ಲ. ಅಪ್ಪನನ್ನು ಬಿಸಿಲಿಗೆ ಕರೆದುಕೊಂಡು ಹೋಗಿ ಪಾರ್ಕಿನಲ್ಲಿ ಎರಡು ಸುತ್ತು ಹಾಕಿಸಿ, ಕತ್ತಲಾದ ಮೇಲೆ ಊಟ ಮಾಡಿಸಿ ಮಲಗಿಸಿದೆ. ಮೈಯೊಳಗಿನ ಗಡಿಯಾರವನ್ನು ತಿರುಗಿಸುವುದು ಮುಖ್ಯವಾಗಿ ಬೆಳಕು. ಆದರೂ ಕೆಲವು ದಿನ ಮೂರು ಗಂಟೆಗೇ ಎದ್ದು ಕೂರುತ್ತಿದ್ದರು. ಅದು ಸಹಜ, ಗಾಬರಿ ಬೇಡ.

ಗಾಬರಿ ಆಗಬೇಕಾದ್ದು ಬೇರೆ. ಎರಡೂ ಕಾಲು ಸ್ವಲ್ಪ ಊದಿ ಒಂದೆರಡು ದಿನದಲ್ಲಿ ಇಳಿದರೆ ತೊಂದರೆ ಇಲ್ಲ. ಒಂದೇ ಕಾಲು ಊದಿ, ನೋವಿದ್ದು, ಮುಟ್ಟಿದರೆ ಬಿಸಿ ಅನಿಸಿದರೆ, ಅಥವಾ ಉಸಿರು ಕಟ್ಟಿ ಎದೆ ನೋವು ಬಂದರೆ ತಕ್ಷಣ ಆಸ್ಪತ್ರೆ. ಪ್ರಯಾಣ ಮುಗಿದು ಕೆಲವು ವಾರಗಳ ನಂತರವೂ ಇದು ಬರಬಹುದು. ಅದಕ್ಕೇ ದಿನಾ ಸಂಜೆ ಅಪ್ಪನ ಕಾಲನ್ನು ಮುಟ್ಟಿ ನೋಡುತ್ತೇನೆ. ವಾಪಸ್ ಟಿಕೆಟ್‌ಗೂ ದಾರಿ ಅಂಚಿನ ಸೀಟೇ ಹಾಕಿಸಿ ಆಗಿದೆ, ಮಳೆ ಹಿಡಿಯುವ ಮೊದಲು ಊರು ಸೇರಿ ಗಿಡಕ್ಕೆ ರೋಗ ಬರದ ಹಾಗೆ ಬೋರ್ಡೋ ದ್ರಾವಣ ಹೊಡೆಸಬೇಕು ಅಂತ ಅಪ್ಪ ದಿನಾ ನೆನಪಿಸುತ್ತಿದ್ದಾರೆ.