ಅಘನಾಶಿನಿ ಅಳಿವೆ: ಮೇಲೆ ಸಿಹಿ, ತಳದಲ್ಲಿ ಉಪ್ಪು

ಅಕ್ಟೋಬರ್ 14, 2025, ಮಂಗಳವಾರ

ಹುಣ್ಣಿಮೆ ಕಳೆದು ವಾರವಾಯಿತು. ಅಷ್ಟಮಿಯ ಆಸುಪಾಸಿನಲ್ಲಿ ಉಬ್ಬರಕ್ಕೆ ಬಲ ಸಾಲದು, ಮೇಲಿನ ನೀರೂ ಕೆಳಗಿನ ನೀರೂ ಬೇಗ ಬೆರೆಯುವುದಿಲ್ಲ. ಹೊಳೆಯ ಸಿಹಿನೀರು ಹಗುರ, ಮೇಲೆ ತೇಲುತ್ತದೆ. ಭಾರದ ಕಡಲನೀರು ಅದರಡಿ ನುಸುಳಿ, ಅಳಿವೆಯ ಬಾಯಲ್ಲಿರುವ ತದಡಿ ಕಡೆಯಿಂದ ಒಳಕ್ಕೆ ಬರುತ್ತದೆ. ಇಂಥ ದಿನ ದೋಣಿಯಿಂದ ಬಗ್ಗಿ ಒಂದು ಮಗ್ ನೀರೆತ್ತಿ ಉಪ್ಪು ಅಳೆದರೆ ಬಳಚು ಎಂಬ ಚಿಪ್ಪುಜೀವಿಯ ಪಾಡು ತಿಳಿಯದು. ಬಳಚು ಇರುವುದು ತಳದಲ್ಲಿ.

ತಳದ ನೀರೆತ್ತಲು ದುಬಾರಿ ಉಪಕರಣವೇ ಬೇಕೆಂದಿಲ್ಲ. ಒಂದು ಲೀಟರಿನ ಬಾಟಲಿಗೆ ಒಂದೂವರೆ ಕಿಲೋದಷ್ಟು ಸೀಸ ಕಟ್ಟಿ, ಬಿರಡೆಗೆ ಬೇರೆ ದಾರ ಹಾಕಿದರೆ ಸಾಕು. ತಳಕ್ಕಿಂತ ಅರ್ಧ ಮೀಟರ್ ಮೇಲೆ ನಿಲ್ಲಿಸಿ ದಾರ ಎಳೆಯಿರಿ. ಗುಳ್ಳೆ ನಿಂತ ಮೇಲೆ ಎತ್ತಿ. ಇನ್ನೂ ಇಳಿಸಿದರೆ ಕೆಸರು ನುಗ್ಗುತ್ತದೆ. ಮೊದಲ ಬಾಟಲಿ ತೊಳೆಯಲಿಕ್ಕೆ, ಎರಡನೆಯದು ಅಳೆಯಲಿಕ್ಕೆ. ಮೊದಲು ಉಷ್ಣತೆ, ಅದೂ ನೆರಳಿನಲ್ಲಿ, ಒಂದು ನಿಮಿಷದೊಳಗೆ. ಥರ್ಮಾಮೀಟರಿನ ಬುರುಡೆ ನೀರಲ್ಲಿರುವಾಗಲೇ ಓದಬೇಕು. ಹೊರಗೆ ತೆಗೆದರೆ ಗಾಳಿಗೆ ಅಂಕಿ ಕುಸಿಯುತ್ತದೆ.

ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಸೊನ್ನೆಗೆ ತಂದು, ಎರಡು ಮೂರು ಹನಿ ಹಾಕಿ, ಅರ್ಧ ನಿಮಿಷ ಬಿಟ್ಟು ನೋಡಿ. ಗಾಜು, ನೀರು ಎರಡೂ ಒಂದೇ ಬಿಸಿಗೆ ಬರಲಿ. ಒಂದೊಂದೇ ಗೆರೆಯ ಆ ಮಾಪಕ 30ರ (ಕಿಲೋ ನೀರಿಗೆ 30 ಗ್ರಾಂ ಉಪ್ಪು) ಹತ್ತಿರ ಚೆನ್ನ, 5ಕ್ಕಿಂತ ಕೆಳಗೆ ನಂಬಬೇಡಿ. ಮಿರ್ಜಾನ್ ಕಡೆ ಹೊಳೆಯಲ್ಲಿ, ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಯ ತೂಬಿನ ಬಳಿ, ನೀರಿನ ವಿದ್ಯುತ್ ವಾಹಕತೆಯಿಂದ ಉಪ್ಪು ಅಳೆಯುವ ಕಂಡಕ್ಟಿವಿಟಿ ಮೀಟರ್ ಒಯ್ಯಿರಿ. ನೀರು ಒಂದು ಡಿಗ್ರಿ ಬಿಸಿಯಾದರೆ ವಾಹಕತೆ ಸುಮಾರು ಶೇ. 2 ಏರುತ್ತದೆ. ಬಹಳಷ್ಟು ಮೀಟರುಗಳು ತಾವೇ 25 ಡಿಗ್ರಿಗೆ ಹೊಂದಿಸಿ ತೋರಿಸುತ್ತವೆ, ಅದರ ಮೇಲೆ ಮತ್ತೆ ಲೆಕ್ಕ ಹಾಕಿದರೆ ಎರಡು ಸಲ ತಿದ್ದಿದ ಹಾಗೆ. 35 ಉಪ್ಪಿನ ಕಡಲನೀರು 25 ಡಿಗ್ರಿಯಲ್ಲಿ ಸೆಂಟಿಮೀಟರಿಗೆ 53 ಮಿಲಿಸೀಮೆನ್ಸ್ (ವಾಹಕತೆಯ ಅಳತೆ) ಹತ್ತಿರ ಬರಬೇಕು. ಬಾರದಿದ್ದರೆ ಸೆನ್ಸರಿನಲ್ಲಿ ಗಾಳಿಗುಳ್ಳೆ ಸಿಕ್ಕಿದೆಯೇ ನೋಡಿ, ಅಲುಗಾಡಿಸಿ ಬಿಡಿ.

ಪುಸ್ತಕದಲ್ಲಿ ಗಂಟೆ ಬರೆದರಷ್ಟೇ ಸಾಲದು. ಉಬ್ಬರ ತುಂಬಿ ಎಷ್ಟು ಹೊತ್ತಾಗಿತ್ತು ಎಂದೂ ಬರೆಯಿರಿ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ದಿನವೂ ಬೆಳಿಗ್ಗೆ ಏಳಕ್ಕೇ ಅಳೆದರೆ ಒಂದು ದಿನ ಕಡಲು, ಇನ್ನೊಂದು ದಿನ ಹೊಳೆ ಸಿಕ್ಕೀತು.

ನೀರಲ್ಲೇ ಬಿಟ್ಟ, ತಾನೇ ಅಳೆದು ದಾಖಲಿಸುವ ಲಾಗರ್ ಇದ್ದರೆ ಹದಿನೈದು ದಿನಕ್ಕೊಮ್ಮೆ ಪಕ್ಕದಲ್ಲೇ ಬಾಟಲಿ ಇಳಿಸಿ ತಾಳೆ ನೋಡಿ. ಪಾಚಿ, ಚಿಪ್ಪುಹುಳ ಕೂತು ಸೆನ್ಸರಿನ ಕಿಂಡಿ ಕಟ್ಟಿದರೆ ಉಪ್ಪು ದಿನೇದಿನೇ ಇಳಿದಂತೆ ಕಾಣುತ್ತದೆ, ಘಟ್ಟದಲ್ಲಿ ಮಳೆ ಬಿದ್ದಿತೇನೋ ಅನ್ನಿಸುವಷ್ಟು. ಉಜ್ಜಲು ಮೆತ್ತನೆಯ ಬ್ರಷ್ ಸಾಕು. ಉಜ್ಜುವ ಮೊದಲೊಂದು ಅಂಕಿ, ಉಜ್ಜಿದ ಮೇಲೊಂದು ಅಂಕಿ, ಎರಡನ್ನೂ ಬರೆದಿಡಿ. ಹಿಂದಿನ ಹದಿನೈದು ದಿನದ ದಾಖಲೆಯನ್ನು ತಿದ್ದಲು ಆ ವ್ಯತ್ಯಾಸವೇ ಬೇಕು.