ಕರೆಂಟ್ ಹೋದಾಗಿನ ನಾಟಕ

ನಿನ್ನೆ ಬಾದಾಮಿ ಬನಶಂಕರಿ ಜಾತ್ರ್ಯಾಗ ಕಂಪನಿ ನಾಟಕ ನೋಡಿದ್ವಿ. ಎರಡನೇ ಆಟ, ಮುಗಿಯೂದ್ರಾಗ ಬೆಳಗಿನ ಜಾವ.

ಕಥಿ ಏನ್ ಹೇಳೂದು, ಅದ ಗೌಡ, ಅದ ಬಡವ, ಅದ ತಂಗಿ. ಡಬಲ್ ಮೀನಿಂಗ್ ಮಾತೂ ಸ್ವಲ್ಪ ಜಾಸ್ತಿನ ಆದೂ. ಆದ್ರ ಹಾಸ್ಯದಾಂವ ಇದ್ನಲ್ಲ, ಏನ್ ಮನಷ್ಯಾ ಅಂವ!

ನಡುವ ಕರೆಂಟ್ ಹೋತು. ಮೈಕ್ ಬಂದ್. ಕತ್ತಲದಾಗ ಒದರಿದ: "ಯಾರೂ ಏಳಬ್ಯಾಡ್ರಿ, ಗೌಡ್ರು ಬಿಲ್ ಕಟ್ಟಿಲ್ಲ!" ಟೆಂಟ್ ಹಾರಿಹೋಗೂವಂಗ ನಗು. ಜನರೇಟರ್ ಚಾಲೂ ಆಗೂತನಕ ಹಾರ್ಮೋನಿಯಂ ಮಾಸ್ತರು ಒಂದ ಸ್ವರ ಹಿಡಕೊಂಡು ಕುಂತಿದ್ರು. ಬೆಳಕು ಬಂದ ಕೂಡ್ಲೇ ಅಲ್ಲಿಂದನ ಹಾಡು ಎತ್ತಿಬಿಟ್ರು.

ಮೊನ್ನೆ ಬೆಳಗಾವಿಯೊಳಗ ಎಸಿ ಹಾಲ್‌ನ್ಯಾಗ ಒಂದು ಹೊಸ ನಾಟಕ ನೋಡಿದ್ದೆ. ಲೈಟಿಂಗ್ ಭಾಳ ಚಂದ, ಸುಳ್ಳ ಯಾಕ ಹೇಳ್ಲಿ. ಆದ್ರ ಪಾತ್ರಧಾರಿಗಳು ಒಬ್ಬರೂ ನಮ್ಮ ಕಡೆ ತಿರುಗಿ ನೋಡಲಿಲ್ಲ. ನಮ್ಮ ಕಡೆ ಬಯಲಾಟ ಶ್ರೀಕೃಷ್ಣ ಪಾರಿಜಾತ ನೋಡಿ ಬೆಳದ ಮಂದಿಗೆ ಇದು ಒಗ್ಗೂದಿಲ್ರಿ. ಕುಲಗೋಡ ತಮ್ಮಣ್ಣ ಕಟ್ಟಿದ ಆ ಆಟದಾಗ ಕಥಿ ನಡಸೂ ಭಾಗವತ ಸತ್ಯಭಾಮೆಗೇ ಎದುರು ಪ್ರಶ್ನಿ ಹಾಕ್ತಾನ, ನಮ್ಮ ಪರವಾಗಿ ಕೇಳಿದಂಗ.

ತೇರು ಮುಗದ್ರೂ ನಾಟಕ ಇನ್ನೂ ನಡದಾವು. ಬಾಜೂ ಟೆಂಟಿನ ಆಟಕ್ಕ ಯಾರ್ ಬರ್ತೀರಿ? ಟಿಕೆಟ್ ನಂದು, ಮಿರ್ಚಿ ನಿಮ್ದು.